ಹೋಲಿಕೆಗೆ ಬೇಕಾದವಳು

ಗಂಡನನ್ನು ಹೊರಗೆ ಬೆಂಚಿನ ಮೇಲೆ ಕೂಡ್ರಿಸಿ ತನ್ನೊಬ್ಬಳನ್ನೇ ಒಳಗೆ ಕರೆದದ್ದು ಬಾಳವ್ವನಿಗೆ ಸರಿಬರಲಿಲ್ಲ. ಬಾಗಲಕೋಟೆಯ ಈ ದವಾಖಾನೆಗೆ ಇಲಕಲ್ಲಿನಿಂದ ಬಸ್ಸು ಹಿಡಿದು ಬರುವುದು ಶಿವಸಂಗಪ್ಪನ ಕೈನಡುಕದ ಬೇನೆಯ ಸಲುವಾಗಿ. ಇಲ್ಲಿ ಆಕೆ ಎಂದರೆ ಅವನ ಚೀಲ ಹಿಡಿಯುವ ಕೈ, ಅವನು ಮರೆತ ಗುಳಿಗೆಯ ಹೆಸರು ಹೇಳುವ ಬಾಯಿ, ಅಷ್ಟೇ. ಇವತ್ತು ಮಾತ್ರ ಆ ಎಳೆಯ ಡಾಕ್ಟರು, ಮೈಸೂರಿನ ಕಡೆಯವನು, ಗೌತಮ ಅಂತ ಹೆಸರು, ಶಿವಸಂಗಪ್ಪನ ಕೈ ಮಡಚಿ ಬಿಡಿಸಿ ನೋಡಿ ಮುಗಿಸಿದ ಮೇಲೆ ಆಕೆಯ ಕಡೆ ತಿರುಗಿ, ‘ಅಮ್ಮ, ನಮಗೆ ಕಾಯಿಲೆ ಇಲ್ಲದವರೂ ಬೇಕು. ಹೋಲಿಸಿ ನೋಡೋಕೆ. ಒಂದೇ ಮನೆ, ಒಂದೇ ನೀರು, ಒಂದೇ ಊಟ. ಅವರಿಗೆ ಬಂದಿದೆ, ನಿಮಗೆ ಬಂದಿಲ್ಲ. ಅದು ಯಾಕೆ ಅಂತ ಹುಡುಕ್ತಾ ಇದ್ದೀವಿ. ನೀವು ಒಪ್ಪಿದರೆ ಮಾತ್ರ’ ಎಂದಿದ್ದ. ಪಾಠದ ಪುಸ್ತಕ ಓದಿದಂತಿದ್ದ ಅವನ ಕನ್ನಡ ಅರ್ಥವಾಗಲು ಆಕೆಗೆ ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಬೇರೆಯದೇ ಒಂದು ತೊಡಕು. ಗಂಡನಿಗೆ ಯಾಕೆ ಬಂತು ಎಂದು ಮನೆಯಲ್ಲಿ, ಓಣಿಯಲ್ಲಿ, ಮಠದ ಕಟ್ಟೆಯ ಮೇಲೆ ಎಲ್ಲರೂ ಕೇಳಿದ್ದರು. ತನಗೆ ಯಾಕೆ ಬರಲಿಲ್ಲ ಎಂದು ಯಾರೂ ಕೇಳಿರಲಿಲ್ಲ. ಅಂಥದ್ದೊಂದು ಪ್ರಶ್ನೆ ಇರುತ್ತದೆಂದು ಆಕೆಗೇ ಹೊಳೆದಿರಲಿಲ್ಲ.

ಕೋಣೆಯೊಳಗೆ ಕುರ್ಚಿಯ ಅಂಚಿನಲ್ಲಿ ಕುಳಿತು ಆಕೆ ಅದನ್ನೇ ಹಿಂದೆ ಮುಂದೆ ತಿರುವಿ ನೋಡಿದಳು. ಒಂದೇ ನೀರು, ಖರೆ. ಒಂದೇ ಗಡಿಗೆಯ ಸಾರು, ಅದೂ ಖರೆ. ಆದರೆ ಅವನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವನು, ತಾನು ಬಾಗಿಲ ಬೆಳಕಿಗೆ ಕೂತು ಅವನ ಲಾಳಿಗೆ ನೂಲಿನ ಕಂಡಿಕಿ ಸುತ್ತಿದವಳು. ಅವನ ಮೇಲೆ ಬಿದ್ದ ಧೂಳೇ ತನ್ನ ಮೇಲೂ ಬಿದ್ದಿದೆ. ಇಬ್ಬರ ನಡುವೆ ಒಂದು ಎಳೆ ಎಲ್ಲೋ ಬೇರೆಯಾಗಿದೆ, ಅದನ್ನು ಈ ಹುಡುಗ ಹುಡುಕುತ್ತಿದ್ದಾನೆ. ಇವನೊಬ್ಬನೇ ಅಲ್ಲವಂತೆ. ಬೆಂಗಳೂರಿನ ದೊಡ್ಡ ವೈದ್ಯಕೀಯ ಕಾಲೇಜಿನ ಜೊತೆ ಸೇರಿದ ಆಸ್ಪತ್ರೆಗಳು ಊರೂರಲ್ಲಿವೆ, ಎಲ್ಲ ಕಡೆಯೂ ಇದೇ ಪರೀಕ್ಷೆ, ಇದೇ ಮಾತು, ಮೇಜಿನ ಮೇಲೆ ಇದೇ ಬಣ್ಣದ ಡಬ್ಬಿ. ಈ ಹೊತ್ತಿಗೆ ಬೇರೆ ಯಾವುದೋ ಪಟ್ಟಣದಲ್ಲಿ ಬೇರೆ ಯಾವಳೋ ಒಬ್ಬಳು ತನ್ನ ಗಂಡನನ್ನು ಹೊರಗೆ ಕೂಡ್ರಿಸಿ ಹೀಗೇ ಕುರ್ಚಿಯ ಅಂಚಿನಲ್ಲಿ ಕುಳಿತಿರಬಹುದು. ಆಕೆಯೂ ಸೆರಗು ಸರಿಮಾಡಿಕೊಳ್ಳುತ್ತಿರಬಹುದು. ಅವಳ ಮುಖ ಹೇಗಿದ್ದೀತು ಎಂದು ಬಾಳವ್ವ ಊಹಿಸಲು ನೋಡಿದಳು.

‘ಹೆಬ್ಬೆರಳಿಗೆ ತೋರುಬೆರಳು ಬಡೀರಿ. ಬೇಗ ಬೇಗ’ ಎಂದ ಗೌತಮ. ಬಡಿದಳು. ಎರಡೂ ಕೈ ಒಂದೇ ಸಮ, ಲಾಳಿಯಂತೆ ಓಡಿದವು. ‘ಚೆನ್ನಾಗಿದೆ’ ಎಂದ. ನಡೆಯಲು ಹೇಳಿದ, ತಿರುಗಲು ಹೇಳಿದ, ಹಿಂದಿನಿಂದ ಭುಜ ಹಿಡಿದು ಮೆಲ್ಲಗೆ ಎಳೆದ; ಆಕೆ ಅಲುಗದೆ ನಿಂತಳು. ‘ತುಂಬ ಚೆನ್ನಾಗಿದೆ’ ಎಂದ. ಬಾಗಿಲಿನ ಗಾಜಿನ ಪಟ್ಟಿಯಲ್ಲಿ ಹೊರಗಿನ ಬೆಂಚು ಕಾಣುತ್ತಿತ್ತು, ಬೆಂಚಿನ ಮೇಲೆ ಶಿವಸಂಗಪ್ಪನ ತೊಡೆ, ತೊಡೆಯ ಮೇಲೆ ತನ್ನಷ್ಟಕ್ಕೆ ಬೀಡಿ ಹೊಸೆಯುವಂತೆ ಆಡುತ್ತಿದ್ದ ಅವನ ಕೈ. ಮೊದಲ ಸಲ ಬಂದಾಗ ಇದೇ ದವಾಖಾನೆಯಲ್ಲಿ ಬಿಳಿ ಕೋಟಿನ ಹುಡುಗ ಹುಡುಗಿಯರನ್ನೆಲ್ಲ ಸುತ್ತ ನಿಲ್ಲಿಸಿ ಅವನನ್ನು ಉದ್ದಕ್ಕೆ ನಡೆಸಿದ್ದರು. ‘ಎಡಗೈ ನೋಡಿ, ಬೀಸುತ್ತಿಲ್ಲ. ಮುಖ ನೋಡಿ, ರೆಪ್ಪೆ ಬಡಿಯುವುದು ಕಡಿಮೆ’ ಎಂದು ಹಿರಿಯ ಡಾಕ್ಟರೊಬ್ಬರು ಹೇಳುತ್ತ ಹೋದ ಹಾಗೆ ಅಷ್ಟೂ ಕಣ್ಣುಗಳು ಮೊದಲು ಆ ಕೈಗೆ, ಆಮೇಲೆ ಆ ಮುಖಕ್ಕೆ ಹೊರಳಿದ್ದವು. ಇಲಕಲ್ಲ ಸೀರೆಯ ಟೋಪಿನ ಸೆರಗಿಗೆ ಹೆಸರಾದ ನೇಕಾರ ಸಂತೆಗೆ ಹೊಡೆದುಕೊಂಡು ಬಂದ ಎತ್ತಿನಂತೆ ನಡೆದಿದ್ದ. ಬಾಳವ್ವ ಅವನ ಚಪ್ಪಲಿ ಕೈಯಲ್ಲಿ ಹಿಡಿದು ಗೋಡೆಗೆ ಒರಗಿ ನಿಂತಿದ್ದಳು. ಈಗ ಅದೇ ಕೆಲಸಗಳನ್ನು ತಾನು ಇಷ್ಟು ಸಲೀಸಾಗಿ ಮಾಡುತ್ತಿರುವುದು, ಮಾಡಿ ಶಾಬಾಸು ಅನ್ನಿಸಿಕೊಳ್ಳುತ್ತಿರುವುದು, ಬಿದ್ದವನ ಎದುರು ಓಡಿ ತೋರಿಸಿದಂತೆ ಅನ್ನಿಸಿತು. ಆದರೂ ಗೌತಮ ಮತ್ತೊಂದು ಸಲ ಬೆರಳು ಬಡಿ ಎಂದಿದ್ದರೆ ಇನ್ನೂ ಜೋರಾಗಿ ಬಡಿಯುತ್ತಿದ್ದಳು.

ಆಮೇಲೆ ಬಂದದ್ದು ಸಣ್ಣ ಸಣ್ಣ ಬಾಟಲಿಗಳು. ಗೌತಮ ಒಂದರ ಮುಚ್ಚಳ ತೆಗೆದು ಆಕೆಯ ಮೂಗಿನ ಕೆಳಗೆ ಹಿಡಿದ. ‘ಕಣ್ಣು ಮುಚ್ಚಿ ಮೂಸಿ. ಏನಿದು? ನಿಂಬೆಹಣ್ಣಾ, ಬೆಳ್ಳುಳ್ಳಿನಾ, ಸೀಮೆಎಣ್ಣೆನಾ, ಗುಲಾಬಿನಾ?’

ಬಾಳವ್ವನಿಗೆ ನಗು ಬಂತು. ಖಾಲಿ ಬಾಟಲಿ ಹಿಡಿದು ಕೇಳುತ್ತಿದ್ದಾನೆ. ಹುಚ್ಚರನ್ನು ಪರೀಕ್ಷೆ ಮಾಡುವುದು ಹೀಗೇ ಇರಬೇಕು. ‘ಇದರಾಗ ಏನೂ ಇಲ್ಲಲ್ರಿ’ ಎಂದಳು.

‘ಇದೆಯಮ್ಮ. ಇನ್ನೊಂದು ಸಲ ನೋಡಿ. ಗೊತ್ತಾಗದಿದ್ದರೆ ಅಂದಾಜಿಗೆ ಒಂದು ಹೇಳಿ.’

ಆಕೆ ಜೋರಾಗಿ ಉಸಿರೆಳೆದಳು. ತಣ್ಣನೆಯ ಗಾಳಿ ಮೂಗಿನೊಳಗೆ ಹೋಯಿತು, ಬಂತು. ‘ನಿಂಬಿಹಣ್ಣು’ ಎಂದಳು. ಇನ್ನೊಂದು ಬಾಟಲಿ. ಕರ್ಪೂರವೋ ಇಂಗೋ ಚಹಾಪುಡಿಯೋ ಎಂದ. ‘ಕರ್ಪೂರ’ ಎಂದಳು, ಕೇಳಿದ್ದರಲ್ಲಿ ಮೊದಲು ಬಂದ ಹೆಸರಾದ್ದರಿಂದ. ಮೂರನೆಯದಕ್ಕೆ ಕಣ್ಣು ಅರೆ ತೆರೆದು ಅವನ ಮುಖ ನೋಡುತ್ತ ಹೇಳಿದಳು. ಸಾಲಿಯಲ್ಲಿ ಮಾಸ್ತರರ ಹುಬ್ಬು ನೋಡಿ ಮಗ್ಗಿ ಒಪ್ಪಿಸುತ್ತಿದ್ದ ಹಾಗೆ. ಹುಬ್ಬು ಏನನ್ನೂ ಹೇಳಲಿಲ್ಲ. ಆದರೆ ‘ಚೆನ್ನಾಗಿದೆ’ ಎನ್ನುವುದನ್ನು ಅವನು ನಿಲ್ಲಿಸಿದ್ದ. ಅದು ಯಾವ ಬಾಟಲಿಯಿಂದ ನಿಂತಿತು ಎಂದು ಆಕೆ ನೆನಪಿಸಿಕೊಳ್ಳುತ್ತಿದ್ದಾಗಲೇ ಬಾಟಲಿಗಳು ಮುಗಿದವು. ಗೌತಮ ಎದ್ದು, ‘ಒಂದು ನಿಮಿಷ, ಮೇಡಮ್ಮನ್ನ ಕರೀತೀನಿ’ ಎಂದು ಹೊರಗೆ ಹೋದ.

ಒಬ್ಬಳೇ ಉಳಿದಾಗ ಬಾಳವ್ವ ಆ ಕಡೆ ಈ ಕಡೆ ನೋಡಿ ಒಂದು ಬಾಟಲಿಯನ್ನು ತಾನೇ ಎತ್ತಿ ಮುಚ್ಚಳ ತಿರುವಿ ಮೂಗಿಗೆ ಒತ್ತಿಕೊಂಡಳು. ಏನೂ ಇಲ್ಲ. ನೆಲಕ್ಕೆ ಈಗಷ್ಟೇ ಫಿನೈಲು ಹಾಕಿ ಒರೆಸಿದ್ದರು, ಫರಶಿ ಇನ್ನೂ ಒದ್ದೆಯಿತ್ತು. ಬಗ್ಗಿ ಮೂಸಿದಳು. ಫಿನೈಲಿನ ವಾಸನೆ ಬಂತು. ಬಂತೆ? ಅಥವಾ ದವಾಖಾನೆ ಎಂದ ಮೇಲೆ ಫಿನೈಲು ಇರಬೇಕೆಂದು ಮನಸ್ಸೇ ಅದನ್ನು ತಂದುಕೊಟ್ಟಿತೆ? ಕಣ್ಣು ಮುಚ್ಚಿದಳು. ಕಣ್ಣು ಮುಚ್ಚಿದ ಕೂಡಲೇ ಫಿನೈಲು ಹೋಯಿತು. ತೆರೆದಳು, ಒದ್ದೆ ನೆಲ ಕಂಡಿತು, ಫಿನೈಲು ಬಂತು. ಇದೇನು ಸೋಜಿಗ ಎಂದು ಆಕೆ ಹೆದರಿಕೆಗಿಂತ ಮೊದಲು ಬೆರಗಾದಳು. ಮೂಗಿನಿಂದ ಮೂಸುತ್ತೇನೆ ಅಂದುಕೊಂಡು ಎಷ್ಟೋ ದಿನದಿಂದ ಕಣ್ಣಿನಿಂದ ಮೂಸುತ್ತಿದ್ದಳೇ ತಾನು?

ಬಂದವರು ಡಾಕ್ಟರ್ ಸುನಂದಾ. ಬಾದಾಮಿ ಕಡೆಯವರು, ನೆರೆತ ತಲೆಗೂದಲು, ಮಾತು ಊರಿನದು. ಕುರ್ಚಿ ಎಳೆದುಕೊಂಡು ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತರು.

‘ಅವ್ವಾರ, ಬಾಯಿಗೆ ರುಚಿ ಹೆಂಗೈತ್ರಿ? ನೆಗಡಿ ಭಾಳ ದಿನ ಇತ್ತೇನು? ಕೊರೋನಾ ಆಗಿತ್ತೇನು?’

‘ಎಲ್ಲಾರಿಗೂ ಆದಂಗ ಆಗಿತ್ರಿ. ಯಾಕ್ರಿ, ನಾ ನಪಾಸ ಆದ್ನೇನು?’

ಸುನಂದಾ ನಗಲಿಲ್ಲ. ‘ಪಾಸು ನಪಾಸು ಅಂತ ಇಲ್ರಿ. ನಿಮಗ ವಾಸನಿ ಬರವಲ್ದು. ಇದಕ್ಕ ಹತ್ತು ಕಾರಣ ಇರ್ತಾವು. ನೆಗಡಿ ಇರಬಹುದು, ವಯಸ್ಸು ಇರಬಹುದು. ಸುಮ್ಮನ ಅಂಜಬ್ಯಾಡ್ರಿ. ಆದ್ರ ನಿಮ್ಮ ಮನಿಯವರ ಬ್ಯಾನಿ ಇರ್ತದಲ್ಲ, ಅದು ಕೆಲವರಿಗೆ ಮೊದಲು ಮೂಗಿನಾಗ ಶುರುವಾಗ್ತೈತಿ. ಕೈ ನಡುಗೂದಕ್ಕ ಎಷ್ಟೋ ವರ್ಷ ಮೊದಲು. ಅದಕ್ಕ ನೀವು ಹೋಲಿಕೆಗೆ ಬರಂಗಿಲ್ಲ.’

ಹೋಲಿಕೆಗೆ ಬರಂಗಿಲ್ಲ. ಒಳಗೆ ಬರುವಾಗ ಬೇಡವೆನಿಸಿದ್ದ ಆ ಪಟ್ಟ ಈಗ ಕಿತ್ತುಕೊಂಡಾಗ ಬಾಳವ್ವನಿಗೆ ತಿಳಿಯಿತು, ಇಷ್ಟು ಹೊತ್ತು ಅದರ ಮೇಲೆ ಎಷ್ಟು ಭಾರ ಹಾಕಿ ಕೂತಿದ್ದೆನೆಂದು. ಸುನಂದಾ ಮುಂದೆ ಹೇಳಿದ್ದು ಹೀಗೆ: ವಾಸನೆ ಹೋದವರನ್ನು ವರ್ಷವರ್ಷ ನೋಡುವ ಇನ್ನೊಂದು ಗುಂಪು ಇದೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ತಲೆಯ ಒಂದು ಫೋಟೋ ತೆಗೆಯುತ್ತಾರೆ, ಶುರುವಾಗಿದ್ದರೆ ಅದರಲ್ಲಿ ಕಾಣಬಹುದು. ಆದರೆ ಕಂಡರೂ ತಡೆಯುವ ಔಷಧ ಇವತ್ತಿಗೆ ಇಲ್ಲ. ಆ ಔಷಧ ಹುಡುಕುವುದಕ್ಕೇ ಈ ಎಲ್ಲ ನಡೆದಿರುವುದು. ಬೇಡ ಎನ್ನುವ ಹಕ್ಕು ನಿಮಗಿದೆ. ಫೋಟೋ ತೆಗೆಸಿಕೊಂಡು, ಅದರಲ್ಲಿ ಕಂಡದ್ದು ನನಗೆ ಹೇಳಬೇಡಿ ಎನ್ನುವ ಹಕ್ಕೂ ಇದೆ.

‘ನನ್ನ ತಲಿ ಒಳಗಿಂದು ನಿಮಗ ಗೊತ್ತಿರ್ತೈತಿ, ನನಗ ಗೊತ್ತಿರಂಗಿಲ್ಲ, ಹಂಗೂ ಇರಬಹುದೇನ್ರಿ?’

‘ಇರಬಹುದು. ಭಾಳ ಮಂದಿ ಹಂಗ ಕೇಳ್ತಾರ. ಅವಸರಿಲ್ಲ, ಮನ್ಯಾಗ ಮಾತಾಡಿ ಫೋನ್ ಹಚ್ರಿ.’

ಹೊರಗೆ ಬಂದಾಗ ಶಿವಸಂಗಪ್ಪ ತಲೆಯೆತ್ತಿದ. ‘ಏನಂದ್ರು?’ ಎಂದ. ಈಗೀಗ ಅವನ ದನಿ ಬಾವಿಯೊಳಗಿಂದ ಬಂದಂತೆ ಸಣ್ಣಗೆ. ‘ಏನಿಲ್ಲ, ಬೆರಳು ಬಡಿಸಿದ್ರು’ ಎಂದಳು. ಕಾಂಪೌಂಡಿನ ಬೇವಿನ ಗಿಡದ ಬುಡದಲ್ಲಿ ಬುತ್ತಿ ಬಿಚ್ಚಿದರು. ಅವನ ರೊಟ್ಟಿ ಮುರಿದು ಚಟ್ನಿ ಮೊಸರು ಕಲಸಿ ಕೊಟ್ಟು, ತನ್ನ ತುತ್ತನ್ನು ಬಾಯಿಗೆ ಹಾಕುವ ಮೊದಲು ಮೂಗಿನ ಹತ್ತಿರ ತಡೆದಳು. ನಾಲಿಗೆಯ ಮೇಲೆ ಖಾರ ಇತ್ತು, ಉಪ್ಪು ಇತ್ತು. ಶೇಂಗಾ ಎಲ್ಲಿ? ಹುರಿದ ಶೇಂಗಾದ ಆ ಘಮ ಇಲ್ಲದಿದ್ದರೂ ತಾನು ದಿನಾ ಇದನ್ನು ಶೇಂಗಾ ಚಟ್ನಿ ಎಂದುಕೊಂಡೇ ತಿಂದಿದ್ದಾಳೆ. ಯಾವತ್ತು ಹೋಯಿತು ಇದು? ಹೊಲದಲ್ಲಿ ಕಳೆದ ಬೆಂಡೋಲೆ ಹುಡುಕುವಂತೆ ಆಕೆ ಹಿಂದಕ್ಕೆ ನಡೆಯುತ್ತ ಹೋದಳು. ಹೋದ ದೀಪಾವಳಿಗೆ ಎಣ್ಣೆಯ ವಾಸನೆ ಇತ್ತೆ? ಕರಿದ ಕರಚೀಕಾಯಿ ಕಣ್ಣಿಗೆ ಕಂಡವು, ವಾಸನೆ ಇರಲಿಲ್ಲ, ಆದರೆ ನೆನಪಿಗೆ ವಾಸನೆ ಇರುತ್ತದೆಯೇ ಎನ್ನುವುದೇ ಗೊತ್ತಾಗಲಿಲ್ಲ. ಅದರ ಹಿಂದಿನ ಮಳೆಗಾಲ? ಮಗ್ಗದ ಹಾಸುನೂಲಿಗೆ ಹಚ್ಚುವ ಗಂಜಿ ಹಳಸಿದಾಗ ಸೊಸೆ ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡಿದ್ದಳು. ತಾನು ಮಾತ್ರ ಅದರ ಪಕ್ಕದಲ್ಲೇ ಕೂತು, ನೇಕಾರರ ಮನಿಗೆ ಬಂದಾಕಿಗೆ ಗಂಜಿ ನಾರತೈತಿ ಎಂದು ಆಡಿಕೊಂಡಿದ್ದಳು.

ಸೊಸೆ. ಬಾಳವ್ವ ಕೈಯಲ್ಲಿದ್ದ ರೊಟ್ಟಿಯನ್ನು ಬುತ್ತಿಯೊಳಗೆ ಇಟ್ಟುಬಿಟ್ಟಳು.

ಅಮೀನಗಡ ದಾಟುವಾಗ ಬಸ್ಸಿನ ತುಂಬ ಜನ ಕರದಂಟಿನ ಪೊಟ್ಟಣ ಹಿಡಿದು ಹತ್ತಿದರು. ಯಾರದೋ ಕೂಸು ತುಪ್ಪದ ವಾಸನೆಗೆ ತನಗೂ ಬೇಕೆಂದು ಅಳತೊಡಗಿತು. ಬಾಳವ್ವ ಕಿಟಕಿಗೆ ಒರಗಿ ಸೊಸೆ ಮನೆ ಬಿಡಲು ಕಾರಣವಾದ ಆ ಸಂಜೆಯನ್ನು ಮತ್ತೆ ಕೂಡ್ರಿಸಿಕೊಂಡಳು. ತಾನು ಅಡಿಗೆಮನೆಯಲ್ಲೇ, ಒಲೆಯ ಎದುರಿಗೇ, ಪುಂಡಿಪಲ್ಲೆಯ ಸೊಪ್ಪು ಸೋಸುತ್ತ ಕೂತಿದ್ದಳು. ಮೊಮ್ಮಗಳು ಮಾಯಾ ಪಡಸಾಲೆಯಲ್ಲಿ ಮಲಗಿತ್ತು. ಸೊಸೆ ಜಯಶ್ರೀ ನೀರು ತುಂಬಿಕೊಂಡು ಒಳಗೆ ಕಾಲಿಟ್ಟವಳೇ ಕೊಡ ಕೆಳಗೆ ಬಿಟ್ಟು, ‘ಗ್ಯಾಸ್! ಅತ್ತಿ, ಗ್ಯಾಸ್ ನಾರಾಕತ್ತೈತಿ!’ ಎಂದು ಚೀರಿದಳು. ಗಾಳಿಗೆ ಉರಿ ಆರಿದೆ, ಒಲೆ ಹಾಗೇ ಬಿಟ್ಟಿದೆ ಎಂದಳು. ರೆಗ್ಯುಲೇಟರು ತಿರುವಿ, ಕಿಟಕಿ ಬಾಗಿಲು ಬಡಬಡ ತೆಗೆದು, ಕೂಸನ್ನು ಎತ್ತಿಕೊಂಡು ಓಣಿಗೆ ಓಡಿದಳು. ಓಣಿಯೆಲ್ಲ ನೆರೆಯಿತು. ಪಕ್ಕದ ಮನೆಯ ಜಾಫರಸಾಬ ಒಳಗೆ ಬಂದು ನೋಡುವ ಹೊತ್ತಿಗೆ ಗಾಳಿ ಆಡಿ ಏನೂ ಉಳಿದಿರಲಿಲ್ಲ. ‘ಒಲಿ ಮುಂದ ಕುಂತಾಕಿಗೆ ಬರಲಾರದ ವಾಸನಿ ಹೊರಗಿಂದ ಬಂದಾಕಿಗೆ ಬಂತಂತ!’ ಎಂದು ಬಾಳವ್ವ ಎಲ್ಲರೆದುರು ಕೈ ತಿರುವಿದ್ದಳು. ತಾನು ಮುದುಕಿಯಾದೆ, ಒಲೆ ನೋಡಲಿಕ್ಕೆ ಬಾರದವಳಾದೆ ಎಂದು ಊರಿಗೆ ತೋರಿಸಲು ಸೊಸೆ ಹೂಡಿದ ಆಟ ಇದು ಎಂದು ಆಕೆಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಸಂಶಯವಿಲ್ಲದ್ದಕ್ಕೆ ಇನ್ನೊಂದು ಕಾರಣವಿತ್ತು. ಮಗ್ಗದಿಂದ ಎದ್ದು ಬಂದ ಗಂಡನನ್ನು ನಿಲ್ಲಿಸಿ, ‘ನಿಮಗ ಬಂತೇನ್ರಿ ವಾಸನಿ?’ ಎಂದು ಕೇಳಿದ್ದಳು. ಅವನು ಮೂಗೇರಿಸಿ ನೋಡಿ, ಇಲ್ಲ ಎಂದು ತಲೆ ಆಡಿಸಿದ್ದ. ಎರಡು ಮೂಗು, ಒಂದು ಮೂಗು. ಮಗ ಸಚಿನ ಎರಡರ ಕಡೆ ನಿಂತ. ಸುಳ್ಳಿ ಅನ್ನಿಸಿಕೊಂಡ ಜಯಶ್ರೀ ಆಮೇಲೆ ಆ ಮನೆಯಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಮಗನಿಗೆ ಹುನಗುಂದದ ಕೋರ್ಟಿನಲ್ಲಿ ಟೈಪಿಂಗಿನ ಕೆಲಸ ಹೇಗೂ ಇತ್ತು, ಸಂಸಾರವೂ ಅಲ್ಲಿಗೇ ಹೋಯಿತು.

ಎರಡು ಮೂಗು. ಬಾಳವ್ವ ಥಟ್ಟನೆ ಪಕ್ಕಕ್ಕೆ ತಿರುಗಿದಳು. ಡಾಕ್ಟರಮ್ಮ ಹೇಳಿದ್ದರು: ಮೊದಲು ಮೂಗಿನಲ್ಲಿ, ಕೈಗಿಂತ ಎಷ್ಟೋ ವರ್ಷ ಮೊದಲು.

‘ಏನ್ರಿ, ನಿಮಗ ವಾಸನಿ ಬರ್ತೈತೇನು?’

ಶಿವಸಂಗಪ್ಪ ಮುಂದಿನ ಸೀಟಿನ ಕಂಬಿ ನೋಡುತ್ತಿದ್ದ. ‘ಇಲ್ಲ’ ಎಂದ.

‘ಯಾವಾಗಿಂದ?’

‘ಭಾಳ ದಿನಾ ಆತು. ಕೈ ನಡುಗೂದಕ್ಕೂ ಮೊದಲ. ಬಣ್ಣದ ನೂಲು ತಂದ್ರ ಮೊದಲು ಮೂಸಿ ನೋಡ್ತಿದ್ದೆ. ಒಂದಿನ ಗೊತ್ತಾಗಲಿಲ್ಲ. ಆಮ್ಯಾಲ ಗೊತ್ತಾಗಲೇ ಇಲ್ಲ.’

‘ಜಯಾ ಗ್ಯಾಸ್ ಅಂದಾಗ?’

ಬಸ್ಸು ಗುಂಡಿಗೆ ಇಳಿದು ಎದ್ದಿತು.

‘ನಾ ಕೇಳಿದಾಗ ಇಲ್ಲ ಅಂತ ತಲಿ ಆಡಿಸಿದ್ರಿ.’

‘ಬರಲಿಲ್ಲ, ಇಲ್ಲ ಅಂದೆ. ಅದೇನು ಸುಳ್ಳಲ್ಲ.’ ಕಂಬಿಯಿಂದ ಕಣ್ಣು ತೆಗೆಯದೆಯೇ ಮುಂದುವರಿಸಿದ, ‘ನೀ ವಾಸನಿ ಬರಂಗಿಲ್ಲ ಅಂದಿ. ನಿನ್ನ ಮೂಗಿನ ಮ್ಯಾಲ ಭರೋಸ ಇಟ್ಟೆ. ನೀ ಹಳಸಿಲ್ಲ ಅಂದಿದ್ದನ್ನ ಉಣ್ಣತಿದ್ದೆ. ಮೂಗಿನ ಸುದ್ದಿ ಏನಂತ ಮಂದಿಗೆ ಹೇಳೂದು?’

ಅವನಿಗೆ ಪಶ್ಚಾತ್ತಾಪವಾಗಿದೆಯೇ ಎಂದು ಆಕೆ ಅವನ ಮುಖ ನೋಡಿದಳು. ಅಲ್ಲಿ ಏನೂ ಬರೆದಿರಲಿಲ್ಲ. ಈ ಬೇನೆ ಕಣ್ಣಿಗೆ ಕಾಣುವಂತೆ ಮೊದಲು ಅಳಿಸಿದ್ದು ಅದನ್ನೇ. ಸಿಟ್ಟು, ನಗೆ, ನಾಚಿಕೆ ಎಲ್ಲವೂ ಒಳಗೆ ಇದ್ದರೂ ಹೊರಗಿನ ಚರ್ಮಕ್ಕೆ ಸುದ್ದಿ ಮುಟ್ಟುವುದಿಲ್ಲ. ಆಕೆ ಕೆಳಗೆ ನೋಡಿದಳು. ತೊಡೆಯ ಮೇಲೆ ಎಡಗೈ ಹಕ್ಕಿಯಂತೆ ಬಡಿದುಕೊಳ್ಳುತ್ತಿತ್ತು. ಬಲಗೈ ಅದನ್ನು ಮುಚ್ಚಿ ಹಿಡಿಯಲು ಹೆಣಗುತ್ತಿತ್ತು. ಹೀಗೆ ಗಂಡನ ಮನಸ್ಸನ್ನು ಅವನ ಕೈಯಲ್ಲಿ ಓದಬಹುದೆಂದು ಇಷ್ಟು ದಿನ ತನಗೆ ತೋಚಲಿಲ್ಲವಲ್ಲ. ಒಂದೇ ಮನೆಯಲ್ಲಿ, ಒಂದೇ ಗಡಿಗೆಯ ಸಾರು ಉಂಡುಕೊಂಡು, ಒಬ್ಬರ ಮೂಗನ್ನು ಒಬ್ಬರು ನಂಬಿ ಎಷ್ಟು ಕಾಲ ಬದುಕಿದೆವು ಎಂದು ಆಕೆ ಲೆಕ್ಕ ಹಾಕಿದಳು. ಆ ದಿನ ಜಯಶ್ರೀ ನೀರಿಗೆ ಹೋದವಳು ಓಣಿಯ ತುದಿಯಲ್ಲಿ ಯಾರ ಜೊತೆಗಾದರೂ ಮಾತಿಗೆ ನಿಂತಿದ್ದರೆ? ಕತ್ತಲಾಯಿತೆಂದು ತಾನೇ ಎದ್ದು ದೇವರ ಮುಂದೆ ಕಡ್ಡಿ ಗೀರಿದ್ದರೆ? ಪಡಸಾಲೆಯಲ್ಲಿ ಮಲಗಿದ್ದ ಕೂಸಿನ ಅಂಗಾಲು ಕಣ್ಣಿಗೆ ಬಂತು. ಬಾಳವ್ವ ಎದ್ದು ನಿಂತು, ‘ಹುನಗುಂದ ಇಳೀತೇವ್ರಿ’ ಎಂದು ಕಂಡಕ್ಟರನಿಗೆ ಕೂಗಿದಳು. ಟಿಕೀಟು ಇಲಕಲ್ಲಿನದೆಂದು ಅವನು ಗೊಣಗಿದ.

ಕೋರ್ಟಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಜಯಶ್ರೀ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಸೀರೆಗೆ ಫಾಲು ಹಚ್ಚುತ್ತಿದ್ದಳು. ಬಾಗಿಲಲ್ಲಿ ಅತ್ತೆ ಮಾವನನ್ನು ಕಂಡು ಎದ್ದು ಸೆರಗು ಹೊದ್ದಳು. ‘ಬರ್ರಿ’ ಎಂದಳು, ಮುಖದಲ್ಲಿ ನಗೆ ಇರಲಿಲ್ಲ. ಮಾವನಿಗೆ ಕುರ್ಚಿ ಹಾಕಿ, ತಂಬಿಗೆಯಲ್ಲಿ ನೀರು ತಂದಿಟ್ಟು, ಗೋಡೆಗೆ ಬೆನ್ನು ಹಚ್ಚಿ ನಿಂತಳು. ಮಾಯಾ ಟ್ಯೂಷನ್ನಿಗೆ ಹೋಗಿದ್ದಾಳೆ, ಇವರು ಕೋರ್ಟು ಬಿಟ್ಟ ಮೇಲೆ ಕರೆದುಕೊಂಡು ಬರುತ್ತಾರೆ ಎಂದಳು. ಬಾಳವ್ವ ದಾರಿಯುದ್ದಕ್ಕೂ ಏನೇನೋ ಜೋಡಿಸಿಕೊಂಡು ಬಂದಿದ್ದಳು. ಬಾಯಿ ತೆರೆದಾಗ ಬೇರೆಯದೇ ಬಂತು.

‘ಜಯಾ, ಗ್ಯಾಸಿನ ವಾಸನಿ ಹೆಂಗಿರ್ತೈತಿ?’

ಜಯಶ್ರೀಯ ಮುಖ ಬಿಗಿಯಿತು. ‘ಆ ಮಾತು ಮತ್ತ ಯಾಕ ತೆಗೀತೀರಿ ಅತ್ತಿ? ಸುಳ್ಳಿ ಅಂದ್ರಿ, ಅನಿಸ್ಕೊಂಡೆ, ಹೊಂಟು ಬಂದೆ. ಇಲ್ಲಿಗೂ ಬರಬೇಕೇನು ಅದು?’

‘ಜಗಳಕ್ಕ ಬಂದಿಲ್ಲ ಯವ್ವಾ. ಖರೆನ ಕೇಳಾಕತ್ತೀನಿ. ನನಗ ವಾಸನಿ ಬರಂಗಿಲ್ಲಂತ, ಇವತ್ತ ದವಾಖಾನ್ಯಾಗ ಹೇಳಿದ್ರು. ನಿಮ್ಮ ಮಾವನಿಗೂ ಬರಂಗಿಲ್ಲ. ಆವತ್ತೂ ಬರತಿರಲಿಲ್ಲ. ಆ ಮನ್ಯಾಗ ಮೂಗು ಅಂತ ಇದ್ದದ್ದು ನಿನ್ನದೊಂದ.’

ಹೊಲಿಗೆ ಯಂತ್ರದ ಮೇಲಿನ ಸೀರೆ ಮೆಲ್ಲಗೆ ಜಾರಿ ನೆಲಕ್ಕೆ ಬಿತ್ತು. ಜಯಶ್ರೀ ಅದನ್ನು ಎತ್ತಲಿಲ್ಲ. ಅತ್ತೆಯನ್ನೂ ಮಾವನನ್ನೂ ಬದಲಿಸಿ ಬದಲಿಸಿ ನೋಡಿದಳು, ಇದು ಹೊಸ ಆಟವೇನೋ ಎಂಬಂತೆ. ಆಮೇಲೆ ಒಳಗೆ ಹೋಗಿ ಇಂಗಿನ ಡಬ್ಬಿ ತಂದು ಮುಚ್ಚಳ ತೆಗೆದು ಅತ್ತೆಯ ಮೂಗಿಗೆ ಹಿಡಿದಳು. ಬಾಳವ್ವ ಉಸಿರೆಳೆದಳು, ಇಲ್ಲ ಎಂದು ತಲೆಯಾಡಿಸಿದಳು. ಜಯಶ್ರೀ ತಾನೊಮ್ಮೆ ಮೂಸಿ ಮುಖ ಕಿವುಚಿ ದೂರ ಹಿಡಿದಳು. ‘ಇಷ್ಟು ಜೋರ ಐತಿ. ಏನೇನೂ ಇಲ್ಲೇನ್ರಿ?’ ಎಂದಳು. ದನಿಯಲ್ಲಿ ಸಿಟ್ಟು ಇನ್ನೂ ಇತ್ತು, ಆದರೆ ಅದರ ಪಕ್ಕದಲ್ಲೇ ಇನ್ನೇನೋ ಕಣ್ಣು ತೆರೆದಿತ್ತು.

‘ಗಾಳಿ ಬರ್ತೈತಿ, ಅಷ್ಟ.’

‘ಕೊಳತ ಉಳ್ಳಾಗಡ್ಡಿ ಇರ್ತಾವಲ್ಲ, ಚೀಲದ ತಳದಾಗ? ಹಂಗ ಇರ್ತೈತ್ರಿ ಗ್ಯಾಸು’ ಎಂದಳು ಜಯಶ್ರೀ, ನೆಲಕ್ಕೆ ಕೂತು. ‘ಆವತ್ತ ಹೊಸ್ತಿಲದಾಗ ಕಾಲಿಟ್ಟ ಕೂಡ್ಲೆ ಬಡೀತು. ನೀವು ಅದರಾಗ ಕುಂತು ಪಲ್ಲೆ ಸೋಸಾಕತ್ತಿದ್ರಿ. ನನ್ನ ಮ್ಯಾಲಿನ ಸಿಟ್ಟಿಗೆ ಬೇಕಂತ ಸುಮ್ಮನ ಕುಂತಾರ ಅಂತ ನಾನೂ ತಿಳದಿದ್ದೆ.’

ಬೇಕಂತ. ಕೂಸು ಮಲಗಿದ್ದ ಮನೆಯಲ್ಲಿ ಬೇಕೆಂದೇ ಗ್ಯಾಸು ಬಿಟ್ಟುಕೊಂಡು ಕೂತವಳು. ತಾನು ಸೊಸೆಯನ್ನು ಸುಳ್ಳಿ ಅಂದುಕೊಂಡ ಇಷ್ಟೂ ದಿನ ಸೊಸೆಯ ಕಣ್ಣಲ್ಲಿ ತಾನು ಏನಾಗಿದ್ದೆ ಎಂಬುದು ಬಾಳವ್ವನಿಗೆ ಈಗ ಗೊತ್ತಾಯಿತು. ಅದನ್ನು ಕೇಳಿ ಮೈ ನಡುಗಬೇಕಿತ್ತು. ಆದರೆ ಬೆಳಿಗ್ಗೆಯಿಂದ ತೆರೆದುಕೊಂಡಿದ್ದ ಆ ಕುತೂಹಲ ಮುಚ್ಚಿಕೊಳ್ಳಲು ಒಪ್ಪಲಿಲ್ಲ. ಇನ್ನೂ ಏನೇನು ತನ್ನ ಸುತ್ತ ಇದ್ದು ತನಗೆ ಗೊತ್ತಿಲ್ಲವೋ.

‘ಹಂಗಾರ ನನ್ನ ವಾಸನಿ ಹೆಂಗೈತಿ?’

‘ಅತ್ತಿ, ಬಿಡ್ರಿ ಅದನ್ನ.’

‘ಹೇಳು. ಮತ್ತ ಯಾರನ್ನ ಕೇಳ್ಲಿ?’

ಜಯಶ್ರೀ ಸೀರೆ ಎತ್ತಿ ಮಡಚುತ್ತ, ತಲೆಯೆತ್ತದೆ ಹೇಳಿದಳು, ‘ಸೀರಿ ಮುಗ್ಗ ಹಿಡದಿರ್ತೈತಿ. ಸರಿ ಒಣಗಿರಂಗಿಲ್ಲ. ಮಂದಿ ಹೇಳಂಗಿಲ್ಲ.’

ಹೋದ ವರ್ಷ ಗುಡೂರಿನ ಮದುವೆಯಲ್ಲಿ ಪಂಕ್ತಿಗೆ ಕೂತಾಗ ಪಕ್ಕದವಳು ಎಲೆ ಎಳೆದುಕೊಂಡು ಅತ್ತ ಸರಿದಿದ್ದಳು. ಗಂಡನ ಕೈ ನಡುಗುವುದಕ್ಕೆ ಹೇಸಿ ಸರಿದಳೆಂದು ಬಾಳವ್ವ ಬಹಳ ದಿನ ಆಕೆಯನ್ನು ಬೈದುಕೊಂಡಿದ್ದಳು. ಆಕೆ ಮೆಲ್ಲಗೆ ಸೆರಗಿನ ತುದಿ ಮೂಗಿಗೆ ತಂದು, ವ್ಯರ್ಥವೆಂದು ನೆನಪಾಗಿ ಕೆಳಗೆ ಬಿಟ್ಟಳು. ನಾಚಿಕೆ ಕಿವಿಯ ತನಕ ಏರಿತು, ಇಳಿಯಿತು. ಇಳಿದ ಮೇಲೆ ಬೆಂಗಳೂರಿನ ಫೋಟೋದ ವಿಷಯವನ್ನು ಡಾಕ್ಟರಮ್ಮ ಹೇಳಿದ ಹಾಗೇ ಇಬ್ಬರಿಗೂ ಹೇಳಿದಳು.

‘ಬ್ಯಾಡ’ ಎಂದ ಶಿವಸಂಗಪ್ಪ. ಅಷ್ಟು ಗಟ್ಟಿಯಾಗಿ ಅವನು ಮಾತಾಡಿ ಎಷ್ಟು ದಿನವಾಗಿತ್ತೋ. ‘ಔಷಧನ ಇಲ್ಲಂದ ಮ್ಯಾಲ ಗೊತ್ತಾಗಿ ಏನ್ ಮಾಡ್ತಿ? ನನಗ ಗೊತ್ತಾಗಿ ಏನಾತು? ದಿನಾ ಬೆಳಿಗ್ಗಿ ಎದ್ದು ಕೈ ನೋಡ್ಕೋತ ಕುಂಡ್ರತೀ.’

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಈಗಲೇ ತನ್ನ ಕಣ್ಣು ತನ್ನ ಬೆರಳುಗಳ ಕಡೆ ಹೋಗಿದ್ದನ್ನು ಬಾಳವ್ವ ಗಮನಿಸಿದಳು. ಅವು ಸುಮ್ಮನಿದ್ದವು. ನಾಳೆಯೂ ಸುಮ್ಮನಿರುತ್ತವೆಯೇ? ಸುಮ್ಮನಿದ್ದರೆ ಯಾಕೆ, ನಡುಗಿದರೆ ಯಾಕೆ? ಎಲ್ಲೆಲ್ಲಿಯ ಪಟ್ಟಣಗಳಲ್ಲಿ ಎಷ್ಟೋ ಜನ ತಮ್ಮ ಕೋಣೆಗಳಲ್ಲಿ ಕೂತು ಅದನ್ನೇ ಹುಡುಕುತ್ತಿರುವಾಗ, ಹುಡುಕುವ ವಸ್ತು ತನ್ನ ತಲೆಯೊಳಗೇ ಇರುವಾಗ, ತಾನೊಬ್ಬಳು ಬಾಗಿಲಾಚೆ ನಿಲ್ಲಬೇಕೆಂದರೆ ಆಗುವ ಮಾತಲ್ಲ.

‘ನಿಮಗ ಗೊತ್ತಾದಾಗ ನೀವು ಯಾರಿಗೂ ಹೇಳಲಿಲ್ಲ’ ಎಂದಳು. ‘ನನಗ ಹೇಳವರದಾರ. ನಾ ಹೋಗ್ತೇನಿ. ಏನ್ ಕಾಣತೈತೋ ಅದನ್ನ ಕೇಳಿಕೊಂಡ ಬರ್ತೇನಿ.’

ಶಿವಸಂಗಪ್ಪನ ಕೈ ಮತ್ತೆ ಬಡಿದುಕೊಳ್ಳತೊಡಗಿತು. ಬಾಳವ್ವ ಅದನ್ನು ಹಿಡಿಯಲಿಲ್ಲ. ಅದು ಹೇಳುವುದನ್ನೆಲ್ಲ ಹೇಳಿ ಮುಗಿಸಲೆಂದು ನೋಡುತ್ತ ಕೂತಳು.

ಜಯಶ್ರೀ ಎದ್ದು ಫೋನಿನಲ್ಲಿ ಗಂಡನಿಗೆ, ಮಾಯಾನ ಕರಕೊಂಡು ಬರ್ರಿ, ರೊಟ್ಟಿ ಬುಟ್ಟಿಯೊಳಗವ, ನಾ ಇಲಕಲ್ಲಿಗೆ ಹೋಗಿ ಬರ್ತೇನಿ ಎಂದಳು. ಅತ್ತೆಯ ಕಡೆ ತಿರುಗಿ, ‘ಬೆಂಗಳೂರಿನದು ಆಮ್ಯಾಲ ನೋಡೂಣು, ಬೇಕಾದ್ರ ನಾನೂ ಬರ್ತೇನಿ. ಇಬ್ಬರಿಗೂ ವಾಸನಿ ಬರಲಾರದ ಮನ್ಯಾಗ ಇಷ್ಟು ದಿನ ಏನೇನ ಆಗೇತೋ. ನಡೀರಿ, ಒಮ್ಮೆ ನೋಡಿ ಬರ್ತೇನಿ’ ಎಂದಳು. ಕ್ಷಮಿಸಿದೆ ಎಂದು ಆಕೆ ಹೇಳಲಿಲ್ಲ. ದಾರಿಯಲ್ಲಿ ಬಸ್ಸಿನಲ್ಲಿಯೂ ಬೇರೆ ಸೀಟಿನಲ್ಲೇ ಕೂತಳು.

ಇಲಕಲ್ಲಿನ ಮನೆ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಓಣಿಯಲ್ಲಿ ಪಾವರಲೂಮುಗಳು ಖಟಖಟ ಬಡಿಯುತ್ತಿದ್ದವು. ಬೀಗ ತೆಗೆದು ಬಾಳವ್ವ ದೀಪದ ಗುಂಡಿ ಒತ್ತಲು ಕೈ ಚಾಚಿದರೆ ಜಯಶ್ರೀ ತಡೆದಳು. ‘ದೀಪ ಹಚ್ಚಬ್ಯಾಡ್ರಿ, ತಡೀರಿ. ನೀವಿಬ್ಬರೂ ಇಲ್ಲೇ ನಿಲ್ರಿ’ ಎಂದು ಚಪ್ಪಲಿ ಬಿಟ್ಟು ಒಬ್ಬಳೇ ಒಳಗೆ ಹೋದಳು. ಅತ್ತೆ ಮಾವ ತಮ್ಮ ಮನೆಯ ಹೊಸ್ತಿಲ ಹೊರಗೆ ಪರವೂರಿನ ಬೀಗರಂತೆ ನಿಂತರು. ಕತ್ತಲೆಯಲ್ಲಿ ಆಕೆಯ ಹೆಜ್ಜೆ ಕೇಳುತ್ತಿತ್ತು, ನಡುನಡುವೆ ಮೂಗಿನಿಂದ ಉಸಿರೆಳೆಯುವ ಸಪ್ಪಳ.

‘ಗ್ಯಾಸು ಇಲ್ಲ’ ಎಂದು ಅಡಿಗೆಮನೆಯಿಂದ ದನಿ ಬಂತು. ಕಿಟಕಿ ತೆರೆದ ಸದ್ದಾಯಿತು. ‘ಜ್ವಾಳದ ಹಿಟ್ಟು ಮುಗ್ಗೇತಿ, ಚೆಲ್ಲಬೇಕು. ಹಾಲಿನ ಬೋಗಾಣಿ ಹುಳಿ ನಾರಾಕತ್ತೈತಿ.’

‘ಮತ್ತ?’ ಎಂದಳು ಬಾಳವ್ವ.

‘ಪಡಸಾಲ್ಯಾಗ ಹಾಸಿಗಿ ಬಿಸಿಲು ಕಂಡಿಲ್ಲ. ಮೂಲ್ಯಾಗ ಎಲ್ಲೋ ಇಲಿ ಸತ್ತೈತಿ. ಭಾಳ ದಿನದ್ದಲ್ಲ.’

ಬಾಳವ್ವ ಒಂದೊಂದನ್ನೂ ಕೇಳಿಸಿಕೊಳ್ಳುತ್ತ, ಗೊತ್ತಿದ್ದ ಆ ಮನೆಯೊಳಗೆ ಗೊತ್ತಿಲ್ಲದ ಇನ್ನೊಂದು ಮನೆ ಕೋಣೆ ಕೋಣೆಯಾಗಿ ಏಳುವುದನ್ನು ನೋಡುತ್ತಿದ್ದಳು. ಮಗ್ಗದ ಕೋಣೆಯಲ್ಲಿ ಹೆಜ್ಜೆ ನಿಂತಿತು. ಉಸಿರೆಳೆಯುವ ಸಪ್ಪಳ ಎರಡು ಮೂರು ಸಲ ಬಂತು.

‘ಏನಾತು ಜಯಾ?’

‘ಇಲ್ಲಿ ಏನೋ ಒಂದೈತ್ರಿ ಅತ್ತಿ. ಕೆಟ್ಟ ವಾಸನಿ ಅಲ್ಲ. ಏನಂತ ನನಗೂ ತಿಳಿವಲ್ದು.’

ಬಾಳವ್ವ ಗಂಡನ ಕೈಯನ್ನು ಬಾಗಿಲ ಚೌಕಟ್ಟಿಗೆ ಆನಿಸಿ ಹಿಡಿಸಿ, ಹೊಸ್ತಿಲು ದಾಟಿದಳು.

‘ತಡಿ, ಬಂದೆ’ ಎಂದಳು. ‘ಹೆಂಗೈತಿ ಹೇಳು.’